ಮಳೆ ಕುಡಿದ ಕೇಬಲ್, ಸುಳ್ಳಾಡುವ ಮೀಟರ್

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಹೆಂಚು, ಅಲ್ಲಿನ ಮಡಕೆ ಸುತ್ತಲಿನ ಸಂತೆಗಳಿಗೆ ಪರಿಚಿತ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕುಂಬಾರಿಕೆ ಸಂಸ್ಥೆಯನ್ನು ನೆಲೆಗೊಳಿಸಿದ್ದೂ ಇಲ್ಲಿಯೇ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದರ ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. ಠಣ್ ಎಂದರೆ ಗಟ್ಟಿ; ಡಬ್ ಎಂದರೆ ಎಲ್ಲೋ ಬಿರುಕಿದೆ. ಕಣ್ಣಿಗೆ ಕಾಣದ ಸೀಳು ಕಿವಿಗೆ ಸಿಕ್ಕಿಬಿಡುತ್ತದೆ.

ಹವ್ಯಾಸಿ ರೇಡಿಯೊ ನಡೆಸುವವರ, ಅಂದರೆ ‘ಹ್ಯಾಮ್’ಗಳ, ಮನೆಯಲ್ಲೂ ಹೀಗೆ ತಟ್ಟಿ ನೋಡಬೇಕಾದ ವಸ್ತುವೊಂದಿದೆ. ಅದು ಕೋಣೆಯೊಳಗಿನ ಯಂತ್ರದಿಂದ ಚಾವಣಿಯ ಮೇಲಿನ ಆಂಟೆನಾದವರೆಗೆ ಹೋಗುವ ಕಪ್ಪು ಕೇಬಲ್. ನಡುವೆ ತಾಮ್ರದ ಎಳೆ, ಅದರ ಸುತ್ತ ಪ್ಲಾಸ್ಟಿಕ್ಕಿನ ಬಿಳಿ ತಿರುಳು, ಅದರ ಮೇಲೆ ತಾಮ್ರದ ಜಾಲರಿ, ಹೊರಗೆ ಕಪ್ಪು ಹೊದಿಕೆ. ಒಂದೇ ಅಕ್ಷದ ಸುತ್ತ ಎರಡು ವಾಹಕಗಳಿರುವುದರಿಂದ ಇದಕ್ಕೆ ಕೋಆಕ್ಸಿಯಲ್ ಕೇಬಲ್ ಎಂಬ ಹೆಸರು. ಮನೆಗಳಿಗೆ ಟಿ.ವಿ. ಚಾನೆಲ್‌ಗಳನ್ನು ತಂದ ಕೇಬಲ್ ಕೂಡ ಇದೇ ಜಾತಿಯದು. ಯಂತ್ರ ಕೆಟ್ಟರೆ ದೀಪ ಆರುತ್ತದೆ, ಆಂಟೆನಾ ಮುರಿದರೆ ಕಣ್ಣಿಗೆ ಕಾಣುತ್ತದೆ. ಆದರೆ ಕೇಬಲ್ ಕೆಟ್ಟರೆ ಏನೂ ಕಾಣುವುದಿಲ್ಲ. ಅಷ್ಟೇ ಅಲ್ಲ, ಅದು ಕೆಡುತ್ತ ಹೋದಂತೆ ಅದನ್ನು ಪರೀಕ್ಷಿಸಲೆಂದೇ ಇಟ್ಟುಕೊಂಡ ಮೀಟರ್ ‘ಎಲ್ಲ ಸರಿಯಾಗಿದೆ’ ಎಂದು ಹೇಳತೊಡಗುತ್ತದೆ! ಈ ವಿಚಿತ್ರದ ಹಿಂದೆ ನೂರಾರುವತ್ತು ವರ್ಷಗಳಿಗೂ ಮೀರಿದ ಕಥೆಯಿದೆ.

ಅಟ್ಲಾಂಟಿಕ್ ತಳದ ಪಾಠ

ತಂತಿಯಲ್ಲಿ ಹೋದ ಸಂಕೇತವೆಲ್ಲ ಆಚೆ ತುದಿಗೆ ತಲಪುವುದಿಲ್ಲ ಎಂಬುದು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ಮನವರಿಕೆಯಾದದ್ದು 1858ರಲ್ಲಿ. ಐರ್ಲೆಂಡಿನಿಂದ ಉತ್ತರ ಅಮೆರಿಕಕ್ಕೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ಟೆಲಿಗ್ರಾಫ್ ಕೇಬಲ್ ಆ ವರ್ಷದ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಕಳಿಸಿದ ಸಂದೇಶದಲ್ಲಿದ್ದದ್ದು 98 ಪದಗಳು. ಅದು ದಾಟಲು ಹಿಡಿದ ಸಮಯ 16 ಗಂಟೆ!

ಸಂಕೇತ ಯಾಕೆ ಹೀಗೆ ಸೊರಗುತ್ತಿದೆ ಎಂಬ ಪ್ರಶ್ನೆಗೆ ಇಬ್ಬರಲ್ಲಿ ಎರಡು ಉತ್ತರಗಳಿದ್ದವು. ಕಂಪನಿಯ ವಿದ್ಯುತ್ ವಿಭಾಗದ ಹೊಣೆ ಹೊತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ವೈದ್ಯವೃತ್ತಿಯಿಂದ ಬಂದವನು. ಇನ್ನೂ ಬಲವಾಗಿ ನೂಕಿದರೆ ಸಂಕೇತ ಹೋಗುತ್ತದೆ ಎಂಬುದು ಅವನ ನಂಬಿಕೆ. ಸುಮಾರು 2,000 ವೋಲ್ಟ್‌ಗಳವರೆಗೆ ಒತ್ತಡ ಹಾಕಿದ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, ಬೇರೆ ದಾರಿ ಹಿಡಿದ. ಮೊದಲು ಕೇಬಲ್ಲಿನ ಗುಣವನ್ನು ಲೆಕ್ಕ ಹಾಕಬೇಕು, ಆಚೆ ತುದಿಯಲ್ಲಿ ಅತಿ ಸಣ್ಣ ವಿದ್ಯುತ್ತನ್ನೂ ಅಳೆಯಬಲ್ಲ ಉಪಕರಣ ಬೇಕು ಎಂಬುದು ಅವನ ವಾದ. ಸಣ್ಣ ಕನ್ನಡಿಯ ಮೇಲೆ ಬಿದ್ದ ಬೆಳಕು ಓಲಾಡುವುದನ್ನು ನೋಡಿ ಸಂಕೇತ ಓದುವ ಗ್ಯಾಲ್ವನೋಮೀಟರನ್ನು ಅವನೇ ರೂಪಿಸಿದ. ಮೊದಲೇ ದುರ್ಬಲವಾಗಿದ್ದ ಕೇಬಲ್ ಹೆಚ್ಚಿನ ಒತ್ತಡ ತಾಳದೆ ಕೆಲವೇ ವಾರಗಳಲ್ಲಿ ಪೂರ್ತಿ ಸತ್ತಿತು. ಥಾಮ್ಸನ್‌ನ ಮಾರ್ಗದಲ್ಲಿ ನಡೆದ 1866ರ ಕೇಬಲ್ ಉಳಿಯಿತು. 1870ರಲ್ಲಿ ಮುಂಬಯಿಯೂ ಸಮುದ್ರದಾಳದ ಕೇಬಲ್ ಮೂಲಕ ಲಂಡನ್ನಿನ ಸಂಪರ್ಕಕ್ಕೆ ಬಂತು.

ಧ್ವನಿ ಕೇಳದಿದ್ದರೆ ಯಂತ್ರದ ಶಕ್ತಿ ಹೆಚ್ಚಿಸುವ ಹವ್ಯಾಸಿ ಇಂದಿಗೂ ವೈಟ್‌ಹೌಸ್‌ನ ಶಿಷ್ಯ. ಮೊದಲು ಅಳೆದು ನೋಡುವವನು ಥಾಮ್ಸನ್‌ನ ಶಿಷ್ಯ.

ಕೊಳವೆಯೊಳಗೊಂದು ಎಳೆ

ಒಂದು ವಾಹಕದ ಸುತ್ತ ಇನ್ನೊಂದನ್ನು ಕೊಳವೆಯಂತೆ ಹೊದಿಸಿದರೆ ಅಕ್ಕಪಕ್ಕದ ತಂತಿಗಳ ಕಾಟ ತಪ್ಪುತ್ತದೆ ಎಂದು ಕಂಡುಕೊಂಡು 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಆಲಿವರ್ ಹೆವಿಸೈಡ್. ಕಾಲೇಜಿನ ಮೆಟ್ಟಿಲು ಹತ್ತದೆ ಗಣಿತ ಕಲಿತ ಈ ಏಕಾಂಗಿ, ತಂತಿಯಲ್ಲಿ ಅಲೆ ಹೇಗೆ ಸಾಗುತ್ತದೆ ಎಂಬುದಕ್ಕೆ ಇಂದಿಗೂ ಬಳಕೆಯಲ್ಲಿರುವ ಸಮೀಕರಣಗಳನ್ನು ಕೊಟ್ಟ. ಅವನ ಕಲ್ಪನೆ ಸಾವಿರಾರು ಕರೆಗಳನ್ನು ಒಟ್ಟಿಗೆ ಸಾಗಿಸುವ ಮಾರ್ಗವಾಗಲು ಅರ್ಧ ಶತಮಾನ ಬೇಕಾಯಿತು. ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಅಫೆಲ್ ಸಲ್ಲಿಸಿದ ಅರ್ಜಿಗೆ 1931ರಲ್ಲಿ ಪೇಟೆಂಟ್ ದೊರೆಯಿತು. 1936ರಲ್ಲಿ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ ಪ್ರಯೋಗ ನಡೆಯಿತು.

ಇಂದಿನ ಬಾಗುವ ಕೇಬಲ್ ಸಾಧ್ಯವಾದದ್ದು ಪಾಲಿಥೀನ್‌ನಿಂದ. 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕ ಮೇಣದಂಥ ಈ ವಸ್ತು ಎರಡನೆಯ ಮಹಾಯುದ್ಧದ ರಾಡಾರ್ ಕೇಬಲ್‌ಗಳ ಜೀವಾಳವಾಯಿತು. ಹ್ಯಾಮ್‌ಗಳ ಬಾಯಲ್ಲಿ ಈಗಲೂ ಓಡಾಡುವ ಆರ್‌ಜಿ-58, ಆರ್‌ಜಿ-213 ಎಂಬ ಹೆಸರುಗಳು ಅಮೆರಿಕದ ಸೇನೆಯ ಪಟ್ಟಿಯಿಂದ ಬಂದವು. ಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ಸಾಮಾನು ಗುಜರಿ ಪೇಟೆಗೆ ಬಂದಾಗ ಹವ್ಯಾಸಿಗಳಿಗೆ ಸುಗ್ಗಿ.

ಭಾರತದಲ್ಲಿ ಹವ್ಯಾಸಿ ರೇಡಿಯೊ ಆರಂಭವಾದದ್ದು 1921ರಲ್ಲಿ, ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಅವರಿಂದ. 1939ರಲ್ಲಿ ಯುದ್ಧ ಶುರುವಾದೊಡನೆ ಬ್ರಿಟಿಷ್ ಸರ್ಕಾರ ಲೈಸೆನ್ಸ್‌ಗಳನ್ನು ರದ್ದುಮಾಡಿತು. ಸ್ವಾತಂತ್ರ್ಯಾನಂತರವೂ ಬಹುಕಾಲ ಹೊರದೇಶದ ಯಂತ್ರ ಕೈಗೆಟುಕುವಂತಿರಲಿಲ್ಲ. ಕೈಯಾರೆ ಯಂತ್ರ ಕಟ್ಟಿಕೊಳ್ಳುವುದೇ ರೂಢಿಯಾಗಿತ್ತು. 1984ರಲ್ಲಿ ಸುಂಕವಿಲ್ಲದೆ ಯಂತ್ರ ತರಿಸಲು ಅನುಮತಿ ಸಿಕ್ಕ ಮೇಲೆ ಸಿದ್ಧ ಯಂತ್ರಗಳು ಬಂದವು. ಆದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿದವರೂ ಕೇಬಲ್ ಕೊಳ್ಳುವಾಗ ಮೀಟರಿಗೆ ಇಷ್ಟು ಎಂದು ಚೌಕಾಸಿ ಮಾಡಿದರು. 1990ರ ದಶಕದಲ್ಲಿ ಓಣಿಓಣಿಗೂ ಕೇಬಲ್ ಟಿ.ವಿ. ಬಂದಾಗ ಅಗ್ಗದ ಟಿ.ವಿ. ಕೇಬಲ್ಲೇ ಸಾಕೆಂದವರೂ ಇದ್ದರು.

ಅಳತೆಗೆ ಹೆಸರು ಬಂದ ಬಗೆ

ಡೆಸಿಬೆಲ್ ಎಂದೊಡನೆ ಗಣೇಶ ಚತುರ್ಥಿಯ ಧ್ವನಿವರ್ಧಕದ ಗದ್ದಲ ನೆನಪಾಗುತ್ತದೆ. ಆದರೆ ಈ ಅಳತೆ ಹುಟ್ಟಿದ್ದು ಗದ್ದಲ ಅಳೆಯಲು ಅಲ್ಲ, ಕೇಬಲ್ ನುಂಗುವ ಸಂಕೇತವನ್ನು ಅಳೆಯಲು. ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಮೊದಲು ‘ಒಂದು ಮೈಲಿ ಕೇಬಲ್ಲಿನಷ್ಟು ನಷ್ಟ’ ಎಂಬ ಲೆಕ್ಕ ಇಟ್ಟುಕೊಂಡಿದ್ದರು. 1920ರ ದಶಕದಲ್ಲಿ ಅದರ ಬದಲಿಗೆ ಹೊಸ ಮಾನ ತಂದು, 1928ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಸರಿನಿಂದ ಡೆಸಿಬೆಲ್ ಎಂದು ಕರೆದರು.

ಇದರ ಗುಟ್ಟು ಸರಳ. 3 ಡೆಸಿಬೆಲ್ ನಷ್ಟವೆಂದರೆ ಶಕ್ತಿಯ ಅರ್ಧ ಹೋಯಿತು. 6 ಎಂದರೆ ಉಳಿದದ್ದು ಕಾಲುಭಾಗ. 10 ಎಂದರೆ ಹತ್ತರಲ್ಲಿ ಒಂದು. ಕೇಬಲ್ ಉದ್ದವಾದಂತೆ ನಷ್ಟ ಹೆಚ್ಚುತ್ತದೆ, ತರಂಗದ ಆವರ್ತನ ಏರಿದಂತೆಯೂ ಹೆಚ್ಚುತ್ತದೆ.

ಖಾನಾಪುರದ ಮನೆಯೊಂದರಿಂದ ಬೆಳಗಾವಿಯ ಗೆಳೆಯನೊಂದಿಗೆ 145 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಹವ್ಯಾಸಿಯೊಬ್ಬನನ್ನು ಊಹಿಸಿಕೊಳ್ಳೋಣ. ಯಂತ್ರದ ಶಕ್ತಿ 20 ವಾಟ್. ತೆಂಗಿನ ಮರದಷ್ಟು ಎತ್ತರಕ್ಕೆ ಆಂಟೆನಾ ಏರಿಸಲು 30 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದ್ದಾನೆ. ಪೆನ್ಸಿಲ್ಲಿಗಿಂತ ಸಪೂರವಾದ ಈ ಕೇಬಲ್ ಹೊಸದಾಗಿದ್ದಾಗಲೂ ಆ ಆವರ್ತನದಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ. ಅಂದರೆ 30 ಮೀಟರಿಗೆ 6 ಡೆಸಿಬೆಲ್. ಹೊರಟ 20 ವಾಟ್‌ಗಳಲ್ಲಿ ಆಂಟೆನಾ ಮುಟ್ಟುವುದು 5 ವಾಟ್ ಮಾತ್ರ. ಬೆರಳಿನಷ್ಟು ದಪ್ಪದ ಆರ್‌ಜಿ-213 ಹಾಕಿದ್ದರೆ ನಷ್ಟ 3 ಡೆಸಿಬೆಲ್ಲಿಗಿಂತ ತುಸು ಕಡಿಮೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಮೇಲೆ ತಲಪುತ್ತಿತ್ತು. ಅದೇ ಸಪೂರ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ 20 ವಾಟ್‌ಗಳಲ್ಲಿ ಸುಮಾರು 15ನ್ನು ದಾಟಿಸುತ್ತದೆ. ಆದ್ದರಿಂದಲೇ ಕೆಳಗಿನ ಆವರ್ತನದಲ್ಲಿ ದೂರದ ಊರುಗಳ ಮಾತು ಚೆನ್ನಾಗಿ ನಡೆದು, 145ರಲ್ಲಿ ಪಕ್ಕದ ಬೆಳಗಾವಿಯೇ ಕೇಳದಿದ್ದರೆ ಕೇಬಲ್ಲಿನ ಮೇಲೆ ಮೊದಲ ಅನುಮಾನ ಬರಬೇಕು.

ಮೀಟರ್ ಮೆಚ್ಚುವುದೇಕೆ?

ಹ್ಯಾಮ್ ತನ್ನ ಯಂತ್ರದ ಪಕ್ಕದಲ್ಲಿ ಇಟ್ಟುಕೊಳ್ಳುವುದು ಎಸ್‌ಡಬ್ಲ್ಯೂಆರ್ ಮೀಟರ್. ಮುಂದೆ ಹೋದ ಶಕ್ತಿ ಎಷ್ಟು, ಆಂಟೆನಾ ಒಪ್ಪದೆ ಹಿಂದಕ್ಕೆ ತಳ್ಳಿದ ಶಕ್ತಿ ಎಷ್ಟು ಎಂಬುದನ್ನು ಅದು ಹೋಲಿಸುತ್ತದೆ. ಏನೂ ಹಿಂದೆ ಬರದಿದ್ದರೆ ಅನುಪಾತ 1. ಅದು 1.5ರೊಳಗಿದ್ದರೆ ಉತ್ತಮ, 2 ದಾಟದಿದ್ದರೆ ನಡೆದೀತು, 3 ಆದರೆ ಚಿಂತೆ ಎಂಬುದು ವಾಡಿಕೆ.

ನಮ್ಮ ಖಾನಾಪುರದ ಹವ್ಯಾಸಿಯ ಆಂಟೆನಾ ಗಾಳಿಗೆ ಪೂರ್ತಿ ಕಳಚಿ ಬಿತ್ತೆನ್ನೋಣ. ಮೇಲಿನ ತುದಿಯಲ್ಲಿ ಈಗ ಏನೂ ಇಲ್ಲ. ಹೊರಟ 20 ವಾಟ್‌ಗಳಲ್ಲಿ 5 ಮೇಲೆ ಮುಟ್ಟುತ್ತದೆ. ಅಲ್ಲಿ ಹೋಗಲು ದಾರಿಯಿಲ್ಲದೆ ಆ ಐದೂ ಹಿಂದಿರುಗುತ್ತದೆ. ಬರುವ ದಾರಿಯಲ್ಲಿ ಕೇಬಲ್ ಮತ್ತೆ ಮುಕ್ಕಾಲು ಪಾಲು ತಿನ್ನುತ್ತದೆ. ಕೆಳಗಿನ ಮೀಟರಿಗೆ ಕಾಣುವುದು ಕೇವಲ 1.25 ವಾಟ್. ಅನುಪಾತ ಸುಮಾರು 1.7! ಆಂಟೆನಾವೇ ಇಲ್ಲ, ಮೀಟರ್ ಮಾತ್ರ ‘ನಡೆದೀತು’ ಎನ್ನುತ್ತಿದೆ. ಕೇಬಲ್ಲಿನ ನಷ್ಟ 10 ಡೆಸಿಬೆಲ್ಲಿಗೆ ಏರಿದರೆ ಅದೇ ಮೀಟರ್ 1.2 ತೋರಿಸುತ್ತದೆ. ವರ್ಷದಿಂದ ವರ್ಷಕ್ಕೆ ಅನುಪಾತ ತಾನಾಗಿಯೇ ಸುಧಾರಿಸುತ್ತಿದೆ ಎಂದು ಹಿಗ್ಗುವವನ ಕೇಬಲ್ ವರ್ಷದಿಂದ ವರ್ಷಕ್ಕೆ ಸಾಯುತ್ತಿರಬಹುದು. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಿಲ್ಲವೆಂದರೆ ಸಾಲ ತೀರಿತೆಂದು ಅರ್ಥವಲ್ಲ. ದಾರಿಯಲ್ಲಿ ಅವನೇ ಬಿದ್ದಿರಬಹುದು.

ಈ ಭ್ರಮೆ ಹ್ಯಾಮ್ ಲೋಕದಲ್ಲಿ ದಶಕಗಳ ಕಾಲ ಬೇರೂರಿತ್ತು. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಉಪಗ್ರಹಗಳ ಆಂಟೆನಾ ರೂಪಿಸಿದ ಎಂಜಿನಿಯರ್ ವಾಲ್ಟರ್ ಮ್ಯಾಕ್ಸ್‌ವೆಲ್, ಸ್ವತಃ ಹ್ಯಾಮ್, 1973ರಿಂದ ‘ಕ್ಯೂಎಸ್‌ಟಿ’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದು ಇದನ್ನು ಬಿಡಿಸಿಟ್ಟರು. ಹಿಂದಿರುಗಿದ ಶಕ್ತಿಯೆಲ್ಲ ವ್ಯರ್ಥವಲ್ಲ, ಅನುಪಾತ ಕಡಿಮೆಯಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವಲ್ಲ ಎಂಬುದು ಅದರ ಸಾರ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಹೇಳುವುದೂ ಅದನ್ನೇ.

ಮಲೆನಾಡ ಅಂಚಿನ ಮಳೆ

ಬೆಳಗಾವಿ ಜಿಲ್ಲೆಯಲ್ಲಿ ಮಳೆಯ ಹಂಚಿಕೆ ಒಂದೇ ರೀತಿಯಿಲ್ಲ. ಪೂರ್ವದ ಅಥಣಿ ಕಡೆ ರೈತರು ಮುಗಿಲು ನೋಡುತ್ತಿರುವಾಗ ಪಶ್ಚಿಮದ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳಲ್ಲಿ ಹಗಲು ರಾತ್ರಿ ಸುರಿಯುತ್ತಿರುತ್ತದೆ. ಮಲಪ್ರಭೆ ಹುಟ್ಟುವುದು ಆ ಕಣಕುಂಬಿಯಲ್ಲಿ. ಮಿರಗದ ಮಳೆ ಹಿಡಿದರೆ ವಾರಗಟ್ಟಲೆ ಗೋಡೆ ಒಣಗದ ಊರುಗಳಿವು. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಕೇಬಲ್ಲಿನ ಹೊದಿಕೆಯನ್ನು ಸೀಳುತ್ತದೆ. ಜೂನ್‌ನಿಂದ ನೀರು ಆ ಸೀಳಿನಲ್ಲಿ ಇಳಿಯುತ್ತದೆ.

ನೀರು ಹೆಚ್ಚಾಗಿ ನುಸುಳುವುದು ಆಂಟೆನಾದ ಬಳಿಯ ಕನೆಕ್ಟರಿನಿಂದ. ಹ್ಯಾಮ್‌ಗಳು ಹೆಚ್ಚಾಗಿ ಬಳಸುವ ಪಿಎಲ್-259 ಕನೆಕ್ಟರ್ 1930ರ ದಶಕದ ವಿನ್ಯಾಸ. ಅದು ನೀರು ತಡೆಯುವಂಥದ್ದಲ್ಲ. ಒಳಹೊಕ್ಕ ಹನಿಯನ್ನು ತಾಮ್ರದ ಜಾಲರಿ ದೀಪದ ಬತ್ತಿ ಎಣ್ಣೆ ಹೀರುವಂತೆ ಹೀರಿ ಮೀಟರುಗಟ್ಟಲೆ ಕೆಳಗೆ ಕೊಂಡೊಯ್ಯುತ್ತದೆ. ಹೊಳೆಯುವ ತಾಮ್ರ ಕಪ್ಪಾಗಿ, ಹಸಿರುಗಟ್ಟಿ, ಎಳೆಎಳೆಗಳ ನಡುವಿನ ಸಂಪರ್ಕ ಕೆಡುತ್ತದೆ. ತಿರುಳಿನಲ್ಲಿ ಗಾಳಿಗುಳ್ಳೆಗಳಿರುವ ಕೇಬಲ್ಲಾದರೆ ಅಲ್ಲಿಗೂ ನೀರು ಸೇರಬಹುದು. ವಿದ್ಯುತ್ ಕ್ಷೇತ್ರಕ್ಕೆ ಪಾಲಿಥೀನ್ ತೋರುವ ಗುಣಾಂಕ ಸುಮಾರು 2.3, ನೀರಿನದು ಸುಮಾರು 80. ಅವೆರಡೂ ಬೆರೆತ ಮೇಲೆ ಅದು ಅಂಗಡಿಯಲ್ಲಿ ಕೊಂಡ ಕೇಬಲ್ ಆಗಿ ಉಳಿಯುವುದಿಲ್ಲ. ಮಲ್ಟಿಮೀಟರ್ ಹಿಡಿದರೆ ಎಲ್ಲ ಸರಿಯೆನ್ನುತ್ತದೆ. ಅದು ಅಳೆಯುವುದು ನೇರ ವಿದ್ಯುತ್ತಿನ ಹಾದಿಯನ್ನು. ಸೆಕೆಂಡಿಗೆ ಹದಿನಾಲ್ಕೂವರೆ ಕೋಟಿ ಸಲ ತಿರುಗುವ ತರಂಗದ ಕಷ್ಟ ಅದಕ್ಕೆ ಗೊತ್ತಾಗುವುದಿಲ್ಲ.

ಇದು ಕೇವಲ ಹವ್ಯಾಸದ ಮಾತಾದರೆ ಬಿಟ್ಟುಬಿಡಬಹುದಿತ್ತು. ಆದರೆ 2001ರ ಭುಜ್ ಭೂಕಂಪದಲ್ಲಿ, 2004ರ ಸುನಾಮಿಯ ನಂತರ ಅಂಡಮಾನ್‌ನಲ್ಲಿ ಉಳಿದ ಸಂಪರ್ಕಗಳು ಕಡಿದಾಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳಿದ್ದರು. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ ಕಂಡ ಪ್ರವಾಹ ಇನ್ನೂ ನೆನಪಿನಲ್ಲಿದೆ. ರೇಡಿಯೊ ಹೆಚ್ಚು ಬೇಕಾಗುವ ದಿನಗಳೇ ಕೇಬಲ್ ನೀರು ಕುಡಿದಿರುವ ದಿನಗಳು. ಆ ಹೊತ್ತಿಗೆ ಕಂಬ ಹತ್ತಿ ದುರಸ್ತಿ ಮಾಡುವಂತಿಲ್ಲ.

ತಟ್ಟುವ ಕ್ರಮ

ನಷ್ಟ ಅಳೆಯಲು ಎರಡು ದಾರಿಗಳಿವೆ. ಒಂದು, ಕೇಬಲ್ಲಿನ ಎರಡೂ ತುದಿಗಳಲ್ಲಿ ಶಕ್ತಿ ಅಳೆಯುವುದು. ಮೇಲಿನ ತುದಿಯನ್ನು ಆಂಟೆನಾದಿಂದ ಬಿಡಿಸಿ 50 ಓಮ್‌ನ ಡಮ್ಮಿ ಲೋಡ್‌ಗೆ, ಅಂದರೆ ಶಕ್ತಿಯನ್ನೆಲ್ಲ ಶಾಖವಾಗಿ ನುಂಗುವ ರೋಧಕಕ್ಕೆ, ಜೋಡಿಸಬೇಕು. ಆರಂಭದಲ್ಲಿ 20, ಕೊನೆಯಲ್ಲಿ 5 ಬಂದರೆ ನಷ್ಟ 6 ಡೆಸಿಬೆಲ್.

ಸರಳವೆನಿಸಿದರೂ ಎಡವುವುದು ಇಲ್ಲಿಯೇ. ಒಳ್ಳೆಯ ವಾಟ್‌ಮೀಟರುಗಳಲ್ಲೂ ತಪ್ಪಿನ ಮಿತಿಯನ್ನು ಹೇಳುವುದು ಮಾಪಕದ ಪೂರ್ತಿ ಅಳತೆಗೆ. 100 ವಾಟ್ ಮಾಪಕದಲ್ಲಿ ಶೇಕಡಾ 5 ಎಂದರೆ 5 ವಾಟ್. 20 ಎಂದು ತೋರಿಸುವ ಮುಳ್ಳಿನ ನಿಜ ಅರ್ಥ 15ರಿಂದ 25ರೊಳಗೆ ಎಲ್ಲಾದರೂ ಇರಬಹುದು. ಹೀಗಿರುವಾಗ ಒಂದು ತುದಿಯಲ್ಲಿ ಒಂದು ಮೀಟರ್, ಇನ್ನೊಂದರಲ್ಲಿ ಬೇರೊಂದು ಇಟ್ಟರೆ ಕೇಬಲ್ಲಿನ ನಷ್ಟವನ್ನಲ್ಲ, ಮೀಟರುಗಳ ಜಗಳವನ್ನು ಅಳೆದಂತಾಗುತ್ತದೆ. ಒಂದೇ ಮೀಟರನ್ನು ಎರಡೂ ಕಡೆ ಬಳಸುವುದು ಲೇಸು. ನಡುವೆ ಯಂತ್ರ ಬಿಸಿಯಾಗಿ ಇಲ್ಲವೆ ಬ್ಯಾಟರಿ ಇಳಿದು ಶಕ್ತಿ ಕುಗ್ಗಿಲ್ಲವೆಂದು ಮೊದಲ ಅಳತೆಯನ್ನು ಕೊನೆಗೊಮ್ಮೆ ಮರಳಿ ತೆಗೆಯಬೇಕು.

ಟಿ.ವಿ. ಕೇಬಲ್ ಬಳಸಿದವರಿಗೆ ಇನ್ನೊಂದು ತೊಡಕು. ಅದರ ಗುಣ 75 ಓಮ್, ಮೀಟರಿನದು 50. ಕೇಬಲ್ಲಿನ ಉದ್ದಕ್ಕೆ ತಕ್ಕಂತೆ ಮೀಟರ್ ಬೇರೆಬೇರೆ ಅಂಕಿ ತೋರಿಸುತ್ತದೆ. ಕೆಲವು ಉದ್ದಗಳಲ್ಲಿ ಡಮ್ಮಿ ಲೋಡ್ ಸರಿಯಿದ್ದರೂ 20 ವಾಟ್ ಮುಂದೆ ಹೋಗಿ 3 ವಾಟ್ ಹಿಂದೆ ಬಂದಂತೆ ಕಾಣುತ್ತದೆ. ಮುಂದೆ ಹೋದದ್ದರಲ್ಲಿ ಹಿಂದೆ ಬಂದದ್ದನ್ನು ಕಳೆದು ಉಳಿದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇನ್ನು, ಕೇಬಲ್ಲನ್ನು ಕೈಯಲ್ಲಿ ಹಿಡಿದೊಡನೆ ಅಂಕಿ ಬದಲಾದರೆ ಜಾಲರಿಯ ಹೊರಮೈ ಮೇಲೆ ತರಂಗ ಹರಿಯುತ್ತಿದೆ ಎಂದರ್ಥ. ಅದನ್ನು ತಡೆಯದೆ ತೆಗೆದ ಅಳತೆ ನಂಬಲರ್ಹವಲ್ಲ.

ಎರಡನೆಯ ದಾರಿ ಕುಂಬಾರನದು. ಮೇಲಿನ ತುದಿಯನ್ನು ತೆರೆದಿಟ್ಟು ಕೆಳಗಿನಿಂದ ತಟ್ಟಿ, ಮರಳಿದ ದನಿ ಕೇಳುವುದು. ಪೂರ್ತಿ ಶಕ್ತಿ ಹಾಕಿದರೆ ಯಂತ್ರ ಸುಟ್ಟೀತು. ಅನಲೈಸರ್ ಎಂಬ ಪುಟ್ಟ ಉಪಕರಣ ಬಳಸಬೇಕು. ತೆರೆದ ತುದಿಯಿಂದ ಎಲ್ಲವೂ ಹಿಂದಿರುಗಲೇಬೇಕು. ಕಡಿಮೆಯಾದದ್ದೆಲ್ಲ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೇಬಲ್ ತಿಂದದ್ದು. ಆದ್ದರಿಂದ ಬಂದ ಡೆಸಿಬೆಲ್ಲಿನ ಅರ್ಧವೇ ನಷ್ಟ. ತುದಿಯನ್ನು ತೆರೆದು ಒಮ್ಮೆ, ಕೂಡಿಸಿ ಒಮ್ಮೆ ಅಳೆದು ಸರಾಸರಿ ತೆಗೆದರೆ ಇನ್ನೂ ನಿಖರ. ಇಲ್ಲಿ ಲೆಕ್ಕ ತಿರುವುಮುರುವು: ತುದಿ ತೆರೆದಾಗ ಅನುಪಾತ ಕೆಟ್ಟದಾಗಿ ಕಂಡರೆ ಕೇಬಲ್ ಗಟ್ಟಿ. ನಮ್ಮ 30 ಮೀಟರ್ ಆರ್‌ಜಿ-213 ಆರೋಗ್ಯವಾಗಿದ್ದರೆ 145 ಮೆಗಾಹರ್ಟ್ಸ್‌ನಲ್ಲಿ 3ಕ್ಕಿಂತ ಹೆಚ್ಚು ತೋರಿಸಬೇಕು. 1.5 ತೋರಿಸಿದರೆ ಅದು ಡಬ್ ಎನ್ನುವ ಮಡಕೆ.

ಹಿಂದೆ ಇಂಥ ಉಪಕರಣ ಕಾಲೇಜಿನ ಪ್ರಯೋಗಾಲಯಗಳಲ್ಲಿ ಮಾತ್ರ ಇರುತ್ತಿತ್ತು. 2019ರ ಹೊತ್ತಿಗೆ ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಕೆಲವು ಸಾವಿರ ರೂಪಾಯಿಗೆ ಸಿಗತೊಡಗಿತು. ಅದೂ ಸರ್ವಜ್ಞನಲ್ಲ. ಪ್ರತಿ ಸಲವೂ ಕೇಬಲ್ ಸೇರುವ ಬಿಂದುವಿನಲ್ಲೇ ಅದನ್ನು ಹೊಂದಿಸಿಕೊಳ್ಳಬೇಕು. ಮರೆತರೆ ನಡುವಿನ ಜೋಡಣೆಯ ದೋಷವೆಲ್ಲ ಕೇಬಲ್ಲಿನ ತಲೆಗೆ ಬರುತ್ತದೆ.

ಅಂಕಿ ಎಷ್ಟು ಬಂತು ಎಂಬುದಕ್ಕಿಂತ ಹೋದ ಸಲ ಎಷ್ಟಿತ್ತು ಎಂಬುದು ಮುಖ್ಯ. ಹೊಸ ಕೇಬಲ್ ತಂದ ದಿನವೇ ಅದನ್ನು ಅಳೆದು, ಆವರ್ತನ ಮತ್ತು ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು. ಮೇ ತಿಂಗಳಲ್ಲಿ, ಮಿರಗ ಕೂಡುವ ಮುನ್ನ ಒಮ್ಮೆ, ಮಳೆಗಾಲ ಮುಗಿದು ದಸರೆಯ ಹೊತ್ತಿಗೆ ಇನ್ನೊಮ್ಮೆ ಅಳೆದರೆ ಸಾಕು. 3 ಇದ್ದದ್ದು 4 ಆದರೆ ಕನೆಕ್ಟರ್ ಬಿಚ್ಚಿ ನೋಡಬೇಕು. ಜಾಲರಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಸಿಗದಿದ್ದರೆ ಇಡೀ ಕೇಬಲ್ ಬದಲಿಸಬೇಕು. ಜೋಡಣೆಗೆ ರಬ್ಬರ್ ಟೇಪ್ ಸುತ್ತುವುದು, ಮನೆಯೊಳಗೆ ಬರುವ ಮುನ್ನ ನೀರು ತೊಟ್ಟಿಕ್ಕಲು ಕೇಬಲ್ಲನ್ನು ತುಸು ಕೆಳಕ್ಕೆ ಜೋಲುಬಿಡುವುದು, ಇವೆಲ್ಲ ಖರ್ಚಿಲ್ಲದ ಉಪಾಯಗಳು.

ವೈಟ್‌ಹೌಸ್‌ನ ಬಳಿ ವೋಲ್ಟ್‌ಗಳಿಗೆ ಕೊರತೆಯಿರಲಿಲ್ಲ. ಅಳೆದು ನೋಡುವ ತಾಳ್ಮೆಯಿರಲಿಲ್ಲ. ಖಾನಾಪುರದ ಸಂತೆಯಲ್ಲಿ ಹತ್ತಾರು ರೂಪಾಯಿಯ ಮಡಕೆಯನ್ನೂ ಜನ ತಟ್ಟದೆ ಒಯ್ಯುವುದಿಲ್ಲ. ಮನೆಗೆ ಹೋಗಿ ನೀರು ತುಂಬಿದ ಮೇಲೆ ಸೋರಿದರೆ ಮರಳಿ ಬರಲಾಗದು ಎಂಬುದು ಅವರಿಗೆ ಗೊತ್ತು.